ಒಂದೇ ಬುಡ

"ಇನ್ನೆರಡು ದಿನ ಬಿಡ್ಲಾ, ಇವತ್ತೇ ಕಿತ್ತುಬಿಡ್ಲಾ?"

ಎನಿಡ್ ಕೇಳಿದ್ದು ಯಾರನ್ನೂ ಅಲ್ಲ. ಬೇಲಿಯಾಚೆ ರೈಲು ಹಳಿ, ಈಚೆ ಅವಳ ಆಲೂಗಡ್ಡೆ ಸಾಲು. ಮಂಡಿಯೂರಿ, ಅಂಗಿಯ ತೋಳು ಮಡಿಸಿ, ಒಂದು ಗಿಡದ ಬುಡಕ್ಕೆ ಮೆಲ್ಲಗೆ ಬೆರಳು ತೂರಿಸಿದಳು. ತಣ್ಣನೆಯ ಮಣ್ಣಿನೊಳಗೆ ಗುಂಡಗೆ ಏನೋ ಸಿಕ್ಕಿತು. ಅದು ಮೊಟ್ಟೆಯಷ್ಟಿತ್ತೋ, ಅವಳ ಆಸೆಯಷ್ಟಿತ್ತೋ, ಬೆರಳಿಗೆ ತಿಳಿಯಲಿಲ್ಲ.

ಇಂಗ್ಲೆಂಡಿನ ಡರ್ಹಮ್ಮಿನ ಆ ಬಾಡಿಗೆ ತೋಟಗಳಿಗೆಲ್ಲ ಸೇರಿ ಒಂದೇ ಗುಡಿಸಲು. ಅದರೊಳಗೆ ಬೆನ್ನಿರುವ ಕುರ್ಚಿ ಒಂದೇ, ಮಿಕ್ಕವರಿಗೆ ಮಗುಚಿಟ್ಟ ಬಕೀಟು. ಜೂನ್‌ನಲ್ಲಿ ಮೊದಲು ಎಳೆ ಆಲೂಗಡ್ಡೆ ಕಿತ್ತವರಿಗೆ ವರ್ಷವಿಡೀ ಆ ಕುರ್ಚಿ. ಕೀಳುವುದು ಒಂದೇ ಬುಡ. ತೋಟಗಳ ಸಂಘದ ಕಾರ್ಯದರ್ಶಿ ಪೈಬಸ್ ತರುವ ಕೋಳಿಮೊಟ್ಟೆಗಿಂತ ದಪ್ಪನೆಯವು ಆರಾದರೂ ಇರಬೇಕು. ತಪ್ಪಿದವರಿಗೆ ಆ ವರ್ಷ ಮತ್ತೆ ಅವಕಾಶವಿಲ್ಲ.

ಹನ್ನೊಂದು ವರ್ಷದಿಂದ ಕುರ್ಚಿ ಪಕ್ಕದ ತೋಟದ ಕತ್‌ಬರ್ಟನದು. ಎನಿಡ್‌ಗೆ ಎಪ್ಪತ್ತೆರಡಾಗಿತ್ತು. ಬಕೀಟಿನಿಂದ ಏಳುವಾಗಲೆಲ್ಲ ದೇವರ ಹೆಸರು ಬಾಯಿಗೆ ಬರುತ್ತಿತ್ತು, ಭಕ್ತಿಯಿಂದಲ್ಲ.

"ಏನಜ್ಜೀ, ಗಡ್ಡೆಗೆ ಕಚಗುಳಿ ಇಡ್ತಿದೀಯಾ?" ನಾಲ್ಕು ಹಲ್ಲಿನ ಕವಲುಗುದ್ದಲಿ ಹೊತ್ತು ಕತ್‌ಬರ್ಟ್ ಬಂದ. ಅವನ ಹಿಂದೆ, ಒಂದು ಕೈ ಜೇಬಿನ ಮೇಲಿಟ್ಟುಕೊಂಡು ಪೈಬಸ್.

"ಬೇಗ ಕೀಳೋ ಮಾರಾಯಾ," ಎಂದ ಪೈಬಸ್. "ಮೊಟ್ಟೆ ಜೇಬಲ್ಲೇ ಒಡೆದ್ರೆ ನನ್ನ ಹೆಂಡ್ತಿ ಮನೆಗೆ ಸೇರ್ಸಲ್ಲ."

ಕತ್‌ಬರ್ಟ್ ಗುದ್ದಲಿ ಊರಿದ ಸಾಲನ್ನು ಎನಿಡ್ ನೋಡಿದಳು. ಸೊಂಟದೆತ್ತರದ ಸೊಪ್ಪು, ಒಂದೂ ಹೂವಿಲ್ಲ. ಅದರಾಚೆಯ ಸಾಲು ಕುಳ್ಳಗೆ, ಮೈತುಂಬಾ ಬಿಳಿ ಹೂವು, ಅಂದರೆ ಅಡಿಯಲ್ಲಿ ಗಡ್ಡೆ ಬಲಿತಿದೆ. ಅವಳಿಗೆ ಥಟ್ಟನೆ ಹೊಳೆಯಿತು: ಫೆಬ್ರವರಿಯಲ್ಲಿ ಅವನು ಕಿಟಕಿಯಡಿ ಮೊಳಕೆಗೆಂದು ಮೊಟ್ಟೆಯ ಡಬ್ಬಿಗಳಲ್ಲಿ ಗಡ್ಡೆ ಜೋಡಿಸಿಟ್ಟಾಗ ಬೇಗ ಬಲಿಯುವ ಜಾತಿಯ ಡಬ್ಬಿಯೂ ತಡವಾಗಿ ಬಲಿಯುವುದರ ಡಬ್ಬಿಯೂ ಅದಲುಬದಲಾಗಿವೆ. ಈ ಮಹಾರಾಯ ಕೀಳಹೊರಟಿರುವುದು ಸೆಪ್ಟೆಂಬರಿಗೆ ಬಲಿಯುವ ಬೆಳೆ!

ಹೇಳಿದರೆ ಕುರ್ಚಿ ಹೋಯಿತು. ಹೇಳದಿದ್ದರೆ? ಭಾನುವಾರ ಪ್ರಾರ್ಥನೆಯಲ್ಲಿ ಯಾವ ಬಾಯಲ್ಲಿ ಹಾಡುವುದು? ತುಟಿ ಕಚ್ಚಿದಳು. ಕೊನೆಗೂ ತಡೆಯಲಾಗಲಿಲ್ಲ.

"ಕತ್‌ಬರ್ಟ್, ಆ ಸಾಲೇನಾ? ಹೂ ಬಿಟ್ಟಿರೋದು ಆ ಕಡೇದು ಕಣೋ."

"ನೋಡಯ್ಯಾ ಪೈಬಸ್, ಅಜ್ಜಿ ಉಪಾಯ!" ಕತ್‌ಬರ್ಟ್ ಹೊಟ್ಟೆ ಹಿಡಿದು ನಕ್ಕ. "ಆ ಕುಳ್ಳ ಗಿಡದ ಬುಡ ಕಿತ್ತು ನಾನು ಸೋಲ್ಬೇಕಂತೆ! ಸೊಪ್ಪು ನೋಡು ತಾಯಿ, ಸೊಪ್ಪು!"

"ನೋಡ್ದೆ. ಹೇಳೋದು ಹೇಳಿದೀನಿ," ಎಂದಳು ಎನಿಡ್. ಎದೆಯ ಭಾರ ಇಳಿದು ಬಲು ಹಗುರವಾಗಿತ್ತು.

ಗಿಡ ಮೇಲೆ ಬಂತು. ಬೇರಿನಲ್ಲಿ ತೂಗಾಡಿದ್ದು ಬಟಾಣಿಯಂಥ ಹದಿನಾರು ಗಡ್ಡೆ. ಪೈಬಸ್ ಮೊಟ್ಟೆಯನ್ನು ಪಕ್ಕಕ್ಕೆ ಹಿಡಿದ, ತಿರುಗಿಸಿ ಹಿಡಿದ, ಕೊನೆಗೆ ಪಾಪವೆನಿಸಿ ಜೇಬಿಗೆ ಹಾಕಿಕೊಂಡ.

"ಹಾಕ್ಕೋಬೇಡ, ಈ ಕಡೆ ತಾ," ಎಂದಳು ಎನಿಡ್. ಎರಡು ದಿನ ಕಾಯುವ ಮಾತು ಮರೆತೇಹೋಗಿತ್ತು. ತನ್ನ ಸಾಲಿನಲ್ಲಿ ಕವಲುಗುದ್ದಲಿಯನ್ನು ಬುಡಕ್ಕೆ ತಾಗದಂತೆ ಇಳಿಸಿ, ಕಾಲಿಟ್ಟು ಅದುಮಿ ಎತ್ತಿದಳು. ಮಣ್ಣು ಬಿರಿದು, ಈಗಷ್ಟೇ ಮಿಂದೆದ್ದಂತೆ ಬೆಳ್ಳಗೆ ಗಡ್ಡೆಗಳು ಉರುಳಿದವು. ಪೈಬಸ್ ಕೂತು ಒಂದೊಂದನ್ನೂ ಮೊಟ್ಟೆಗೆ ಹಿಡಿದು ನೋಡಿದ. ನಾಲ್ಕು. ಐದು. ಆಮೇಲೆ ಒಂದು ಸಣ್ಣದು. ಮಣ್ಣ ಹೆಂಟೆಯೊಂದನ್ನು ಪೈಬಸ್ ಹಿಸುಕಿದ, ಒಳಗಿತ್ತು ದಪ್ಪನೆಯ ಆರನೆಯದು.

ಕತ್‌ಬರ್ಟ್ ಟೋಪಿ ತೆಗೆದ. ಅವನ ದನಿ ಜೇನಾಯಿತು.

"ಎನಿಡಮ್ಮಾ, ಮೊಳಕೆ ಡಬ್ಬಿ ಅದಲುಬದಲಾಗಿದೆ ಅಂತ ಈಗ ಗೊತ್ತಾಯ್ತು, ಅದು ನನ್ನ ತಪ್ಪೇನೇ ಹೇಳು? ಆ ಕಡೆ ಸಾಲಲ್ಲಿ ಇನ್ನೊಂದು ಬುಡ ಕೀಳ್ತೀನಿ. ಸರಿಯಾಗಿ ಬಂದ್ರೆ ಇಬ್ರದೂ ಸಮ, ಕುರ್ಚಿ ದಿನಕ್ಕೊಬ್ರಿಗೆ. ಹೂಂ ಅನ್ನು."

ಎನಿಡ್ ಕೈಯ ಮಣ್ಣನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ಅನ್ನಲ್ಲ," ಎಂದಳು.