ಕೊಳೆಯದ ತರಗು

ಹನಮವ್ವ ಸೊಸೆ ನಾಗರತ್ನಾಳನ್ನು ಯಾವತ್ತೂ ಒದರಿಯೇ ಕರೆದವಳು. ಕಲಘಟಗಿ ಸೀಮೆಯ ಅವರ ಊರಿನಲ್ಲಿ ಆ ದನಿಗೆ ಕೊಟ್ಟಿಗೆಯ ಎತ್ತುಗಳೂ ಕಿವಿ ನಿಮಿರಿಸುತ್ತಿದ್ದವು. ಅತ್ತೆ ಒದರಿದಳೆಂದರೆ ಸೊಸೆ ಇದ್ದಲ್ಲಿಂದ ಓಡಿ ಬರಬೇಕು. ಆರು ವರ್ಷದಿಂದ ಹಾಗೇ ಬರುತ್ತಿದ್ದಳು.

ಆ ದಿನ ಹನಮವ್ವ ಮೆಣಸಿನ ಸಸಿಮಡಿಗೆ ಗೊಬ್ಬರ ತರಲು ತಮ್ಮ ನೀಲಗಿರಿ ತೋಪಿಗೆ ಹೋದಳು. ತೋಪಿನ ನಡುವೆ ಕಟ್ಟೆಯಿಲ್ಲದ ಹಾಳುಬಾವಿಯೊಂದಿತ್ತು. ಸೊಸೆ ಮನೆಗೆ ಬರುವ ಮೊದಲೇ ಅದನ್ನು ಮುಚ್ಚಿಸಿದ್ದು ಅವಳೇ. ಮಣ್ಣು ಹಾಕಿಸೋಣ ಎಂದ ಗಂಡನಿಗೆ, "ಮಣ್ಣ ಯಾಕ್ರಿ? ಟೊಂಗಿ ಕೆಡವಿ ಬಾಯಿಗೆ ಅಡ್ಡ ಹಾಕಿ ಮ್ಯಾಲೆ ತರಗ ಸುರೀರಿ. ಎರಡ ಮಳಿಗೆ ಕೊಳತು ಗೊಬ್ಬರ ಆಗತೈತಿ" ಎಂದಿದ್ದಳು. ಬೇವು, ಹೊಂಗೆಯ ಎಲೆ ಕೊಳೆಯುವುದಿಲ್ಲವೇ? ನೀಲಗಿರಿಯದೂ ಹಾಗೇ ಎಂದುಕೊಂಡಿದ್ದಳು. ಬಾವಿ ಕಣ್ಣಿಗೆ ನೆಲವಾಯಿತು, ಅದರ ಅಪಾಯ ಮನಸ್ಸಿನಿಂದಲೂ ಮರೆಯಾಯಿತು. ಸೊಸೆಗೆ ಯಾರೂ ಹೇಳಲೇ ಇಲ್ಲ.

ಈಗ ಆ ತರಗು ಗೊಬ್ಬರವಾಗಿರಬೇಕೆಂದು ಬಾವಿಯ ಅಂಚಿನಲ್ಲಿ ಕೂತು ಸಲಿಕೆ ಹಾಕಿದಳು. ಮೊಳದಾಳದಿಂದಲೂ ಎಲೆಯೇ ಬಂತು, ನಿನ್ನೆ ಉದುರಿದ ಹಾಗೆ ಇಡಿಯಾಗಿ, ಅದೇ ಘಾಟು ವಾಸನೆ. ಕೊಳೆತದ್ದು ಟೊಂಗೆ. ಗೆದ್ದಲು ತಿಂದ ಟೊಂಗೆ ಕೈಯಲ್ಲೇ ಪುಡಿಯಾಯಿತು. ಸಲಿಕೆಯ ಕಾವು ತಿರುಗಿಸಿ ಚುಚ್ಚಿದರೆ, ಪೂರಾ ಇಳಿದರೂ ತುದಿಗೆ ಏನೂ ತಾಗಲಿಲ್ಲ. ತರಗಿನ ಕೆಳಗೆ ಬಾವಿ ಇನ್ನೂ ಬಾಯಿ ತೆರೆದೇ ಇತ್ತು.

ತಲೆ ಎತ್ತಿದಳು. ಆಚೆಯಿಂದ ನಾಗರತ್ನಾ, ತಲೆಯ ಮೇಲೆ ತರಗಿನ ಹೊರೆ ಹೊತ್ತು, ನೇರ ಇತ್ತಲೇ ಬರುತ್ತಿದ್ದಳು. ಬಾವಿಗೆ ಹತ್ತು ಹೆಜ್ಜೆ.

ಒದರಲು ತೆರೆದ ಬಾಯನ್ನು ಹನಮವ್ವ ಗಪ್ಪನೆ ಮುಚ್ಚಿದಳು. ಒದರಿದರೆ ಓಡಿ ಬರುತ್ತಾಳಲ್ಲ! ಮಾತು ಕಿವಿಗೆ ಬೀಳುವ ಮೊದಲೇ ಕಾಲು ಓಡುವಂತೆ ಪಳಗಿಸಿದವಳು ತಾನೇ. ಮಾಡಿದವಳು ತಾನು, ಉಣ್ಣುವವಳು ಆ ಬಡಪಾಯಿ. ಐದು ಹೆಜ್ಜೆ.

"ನಾಗವ್ವಾ," ಎಂದಳು ಮೆತ್ತಗೆ, ಹೊಟ್ಟೆಯ ಮಗಳನ್ನು ಕರೆದಂತೆ. "ಅಲ್ಲೇ ನಿಂದರ, ನನ್ನವ್ವಾ."

ನಾಗರತ್ನಾ ಗಕ್ಕನೆ ನಿಂತಳು. ಆ ಬಾಯಿಂದ ಅಂಥ ಮಾತು ಆಕೆ ಕೇಳಿಯೇ ಇರಲಿಲ್ಲ. ಗಾಬರಿಗೆ ಹೊರೆ ಜಾರಿ ಮುಂದೆ ಬಿತ್ತು, ನೆಲ ಅದನ್ನು ಸರಸರನೆ ನುಂಗಿತು. ಎಷ್ಟೋ ಹೊತ್ತಿನ ಮೇಲೆ ಕೆಳಗೆಲ್ಲೋ ಧೊಪ್ಪೆಂದು ಕೇಳಿಸಿತು.

"ಹಿಂದ ಸರಿ, ಅವ್ವಾ. ಸಾವಕಾಶ."

ಸೊಸೆ ಹಿಂದೆ ಸರಿದು ಒಂದು ಮರವನ್ನು ತಬ್ಬಿಕೊಂಡಳು. ಕಣ್ಣು ಮಾತ್ರ ಆ ಕಪ್ಪು ತೂತಿನಿಂದ ಕೀಳಲಿಲ್ಲ.

"ಅತ್ತೀ, ಜ್ವರಾ ಅಂತ ಇವತ್ತೊಂದಿನ ಕೂಸಿನ್ನ ಮನ್ಯಾಗ ಬಿಟ್ಟ ಬಂದೇನ್ರಿ," ಎಂದಳು. "ದಿನಾ ಆ ತರಗಿನ ಮ್ಯಾಲೇ ಮಲಗಸ್ತಿದ್ನಿ. ಗಾದಿ ಹಂಗ ಮೆತ್ತಗೈತಿ ಅಂತ."