ಬಾಗಿಲ ಮೇಲೆ ಎದ್ದ ಅಂಗೈ

ಝಿಗ್ಮುಂಟ್ ಮುದುಕನ ಅಂಗೈಗೆ ನಮ್ಮ ಹ್ಯಾಮ್‌ಟ್ರಾಮಿಕ್ ಊರಲ್ಲಷ್ಟೇ ಅಲ್ಲ, ಏಳು ಸಮುದ್ರದಾಚೆಗೂ ಸಾಟಿಯಿರಲಿಲ್ಲ. ಮೂವತ್ತು ವರ್ಷ ಕಾರಿನ ಕಾರ್ಖಾನೆಯಲ್ಲಿ ಹತ್ತಿಯ ಕೈಗವಸು ತೊಟ್ಟು, ಕಣ್ಣು ಮುಚ್ಚಿ, ತಗಡು ಸವರಿ ನೆಗ್ಗು ಹಿಡಿದವನು. ಹೋದ ಜನ್ಮದಲ್ಲಿ ಬಿದ್ದ ನೆಗ್ಗನ್ನೂ ಹೇಳಬಲ್ಲ ಎಂದರೂ ಕಡಿಮೆಯೇ.

ಅಂಥವನ ಟ್ರಕ್ಕಿನ ಬಾಗಿಲನ್ನು ಮಗಳು ಬೊಗ್ನಾ ಕಂಬಕ್ಕೆ ಗುದ್ದಿಸಿದ್ದಳು. ತನ್ನ ತಂಗಿಯ ಮನೆಗೆ ಹೋಗುವಾಗ ಅಪ್ಪ ಜೀವಮಾನದಲ್ಲೇ ಮೊದಲ ಸಲ ಕೀಲಿಕೈಯನ್ನು ಅವಳಿಗೆ ಕೊಟ್ಟಿದ್ದ. ಮಂಗಳವಾರ ಸಂಜೆ ಬರುತ್ತಾನೆ. ತಿಳಿದರೆ ಆ ಕೀಲಿ ಮತ್ತೆಂದೂ ಅವಳ ಕೈ ಸೇರದು. ಹೆದರಿಕೆಗೆ ಅವಳ ಹಲ್ಲು ಕಟಕಟಿಸಿದ ಸದ್ದು ಕೆನಡಾದವರೆಗೂ ಕೇಳಿಸಿತಂತೆ.

ಪಕ್ಕದ ಮನೆಯ ಲೂಥರ್ ಪಾಠ ಹೇಳಿದ. "ನೆಗ್ಗು ತುಂಬೋ ಪುಟ್ಟಿ ಗಾಲ್ಫ್ ಚೆಂಡಿನಷ್ಟಿದ್ರೆ, ಅದನ್ನ ಗಟ್ಟಿ ಮಾಡೋ ಹಾರ್ಡ್‌ನರ್ ಬಟಾಣಿಯಷ್ಟು."

"ಚಳಿಗೆ ಬೇಗ ಗಟ್ಟಿಯಾಗಲ್ಲ ಅಲ್ವಾ, ಸ್ವಲ್ಪ ಜಾಸ್ತಿ ಹಾಕ್ಲಾ?"

"ಹಾಕು ತಾಯಿ. ಆಮೇಲೆ ಒಡೆಯೋಕೆ ಗಣಿ ಕೆಲಸದವರನ್ನ ಕರೆಸು."

ಒಳಗಿಂದ ತಟ್ಟಿ ನೆಗ್ಗು ಎಬ್ಬಿಸಿದಳು, ಪುಟ್ಟಿ ಮೆತ್ತಿದಳು, ಮರದ ತುಂಡಿಗೆ ಉಜ್ಜುಕಾಗದ ಸುತ್ತಿ ಎರಡು ದಿನ ಉಜ್ಜಿದಳು. ಮೂರನೆಯ ದಿನ ಮಂಗಳವಾರ, ಕ್ರೈಸ್ತರ ನಲವತ್ತು ದಿನದ ಉಪವಾಸಕ್ಕೆ ಮುಂಚಿನ ಪೂಂಚ್ಕಿ ಹಬ್ಬ. ಎಣ್ಣೆಯಲ್ಲಿ ಕರಿದ, ಹೊಟ್ಟೆಯೊಳಗೆ ಜಾಮ್ ತುಂಬಿದ ಪೂಂಚ್ಕಿ ಉಂಡೆಗಳನ್ನು ಲೂಥರ್ ಪೆಟ್ಟಿಗೆಗಟ್ಟಲೆ ತಂದಿಟ್ಟ. ಭಯಕ್ಕೆ ಹಸಿವು ಹೆಚ್ಚು. ಒಂದು ತಿಂದಳು, ಅಪ್ಪನಂತೆ ಕಣ್ಣು ಮುಚ್ಚಿ ಬಾಗಿಲು ಸವರಿದಳು. ಇನ್ನೊಂದು ತಿಂದಳು, ಮತ್ತೆ ಸವರಿದಳು. ಹೀಗೆ ಹದಿನಾಲ್ಕು.

ನಾಲ್ಕು ಗಂಟೆಗೆ, ಬಣ್ಣಕ್ಕೆ ಮುಂಚೆ ಹೊಡೆಯುವ ಪ್ರೈಮರ್ ಸಿಂಪಡಿಸಿದಳು. ಅದರ ಬೂದುಬಣ್ಣ ಸಮವಾಗಿ ಕೂರಲಿಲ್ಲ, ಕೆಲವು ಕಡೆ ಹೆದರಿದ ಹಾಗೆ ಹಿಂದೆ ಸರಿಯಿತು. ನಡುವೆ ಒಂದು ಅಂಗೈ, ಐದು ಬೆರಳು, ಸ್ಪಷ್ಟವಾಗಿ ಎದ್ದು ನಿಂತವು. ಬೊಗ್ನಾ ಒರೆಸಲು ಬಟ್ಟೆಗೆ ಕೈ ಚಾಚಿದಳು. ಹಿಂದೆ ಬೂಟಿನ ಸದ್ದು.

ಅಪ್ಪ ಬಾಗಿಲ ಮುಂದೆ ಬಗ್ಗಿ ಆ ಐದು ಬೆರಳನ್ನು ನೋಡಿದ.

"ಪ್ಲಮ್ ಜಾಮಾ, ರಾಸ್ಪ್‌ಬೆರಿನಾ?" ಎಂದ.

"ಪ್ಲಮ್, ಅಪ್ಪಾ."

"ಗುದ್ದೋದು ಯಾರಾದ್ರೂ ಗುದ್ದುತಾರೆ. ಜಿಡ್ಡುಗೈಲಿ ತಗಡು ಮುಟ್ಟೋದು ನನ್ನ ಮಗಳಾ? ಕೀಲಿ ಕೊಡು."

ಕೊಟ್ಟಳು. ಅದು ಅವನ ಜೇಬಿಗಿಳಿಯಿತು. ಬಣ್ಣ ಕರಗಿಸುವ ಥಿನ್ನರ್ ಡಬ್ಬಿ, ಬಟ್ಟೆ ಅವಳ ಮುಂದೆ ಬಂದವು.

"ಎಲ್ಲ ಒರೆಸು. ಮೊದಲಿಂದ ಮಾಡು."

"ಆಮೇಲೆ?"

"ಆಮೇಲೆ ನಾನು ಕಣ್ಣು ಮುಚ್ತೀನಿ. ಕೈಗೆ ಏನೂ ಸಿಗದಿದ್ರೆ ಕೀಲಿ ನಿಂದು."

ಸ್ಟೂಲೆಳೆದು ಕೂತು, ಒಂದೊಂದೇ ಬೆರಳಿಗೆ ಬಿಳಿ ಕೈಗವಸು ಏರಿಸತೊಡಗಿದ.