ಇನ್ನೆಂದೂ ಏಳದ ಕಸದಣ್ಣ

ನಮ್ಮ ಕಂಪನಿಯಲ್ಲಿ ಭವಿಷ್ಯ ತಾನಾಗಿ ಬರುವುದಿಲ್ಲ. ಸೋಮವಾರ ಹನ್ನೊಂದು ಗಂಟೆಯ ಸಭೆಯಲ್ಲಿ ಅದನ್ನು ಘೋಷಿಸುತ್ತಾರೆ.

ನಾವು ತಯಾರಿಸುವುದು ರೂಪವೀರರನ್ನು. ಮಡಚಿದರೆ ಕಾರು, ಲಾರಿ, ವಿಮಾನ. ಬಿಚ್ಚಿದರೆ ಎದ್ದು ನಿಲ್ಲುವ ರೋಬೋಟ್. ನಲವತ್ತೊಂದು ವರ್ಷದಿಂದ ಇವರ ಯುದ್ಧ ನಡೆದೇ ಇದೆ. ಜಗಳ ಯಾಕೆ ಶುರುವಾಯಿತೆಂದು ಕಂಪನಿಯಲ್ಲಿ ಯಾರಿಗೂ ನೆನಪಿಲ್ಲ. ಡಬ್ಬದ ಹಿಂಬದಿಯಲ್ಲಿ ಬರೆದಿರಬೇಕು ಎಂದು ಎಲ್ಲರೂ ನಂಬಿಕೊಂಡಿದ್ದಾರೆ. ಆ ಹಿಂಬದಿಯನ್ನು ಬರೆಯುವವಳು ನಾನು. ಇತಿಹಾಸ ಓದಿದವಳನ್ನೇ ಈ ಕೆಲಸಕ್ಕೆ ಯಾಕೆ ತೆಗೆದುಕೊಂಡರು ಎಂದು ಮೊದಮೊದಲು ಅರ್ಥವಾಗಿರಲಿಲ್ಲ. ಆಮೇಲೆ ತಿಳಿಯಿತು, ಆಗಿಹೋದದ್ದಕ್ಕೆ ಗಂಭೀರವಾದ ಕಾರಣ ಹುಡುಕಿಕೊಡುವವರು ಬೇಕಿತ್ತು.

ಇಲ್ಲಿ ಮೊದಲು ಗೊಂಬೆ, ಆಮೇಲೆ ಕಥೆ. ಗೋದಾಮಿನಲ್ಲಿ ಹಸಿರು ಬಣ್ಣ ಉಳಿದುಹೋದ ವರ್ಷ ವೀರರಿಗೆಲ್ಲ ವಿಷಬಾಧೆಯಾಯಿತು. ಒಂದೇ ಅಚ್ಚಿನಿಂದ ನಾಲ್ಕು ಬಣ್ಣದವರು ಬಂದಾಗ ಅಣ್ಣತಮ್ಮಂದಿರಾದರು. ಹಾಗಾದರೆ ಅವರ ಅಮ್ಮ ಎಲ್ಲಿ ಎಂದು ಒಂದು ಮಗು ಕಾಗದ ಬರೆದು ಕೇಳಿತ್ತು. ಉತ್ತರಿಸುವುದು ಕಥಾ ವಿಭಾಗದ ಕೆಲಸವೋ ಮಾರಾಟ ವಿಭಾಗದ್ದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ನಮ್ಮ ಮುಖ್ಯಸ್ಥರನ್ನು ನಾನು ಡೈರಿಯಲ್ಲಿ ಯುಗಪುರುಷರು ಎಂದು ಕರೆಯುತ್ತೇನೆ. ಎರಡು ವರ್ಷಕ್ಕೊಂದು ಯುಗ ತರುತ್ತಾರೆ, ಬೇರೆ ಹೆಸರು ಹೊಂದುವುದಿಲ್ಲ. ಈ ಸಲ ತಂದದ್ದು ‘ಮೂರು ಸಾವಿರ ವರ್ಷಗಳ ನಂತರ’. ಅಷ್ಟು ವರ್ಷ ಕಳೆದರೂ ಎಲ್ಲರೂ ಈಗಿನಂತೆಯೇ ಇರುತ್ತಾರೆ, ಎದೆಯ ಮೇಲೊಂದು ಬೆಳ್ಳಿ ಪಟ್ಟಿ ಮಾತ್ರ ಹೆಚ್ಚು. ಹೊಸ ಅಚ್ಚು ಮಾಡಿಸುವ ಯೋಚನೆ ಮೂರು ಸಾವಿರ ವರ್ಷದಲ್ಲೂ ಯಾರಿಗೂ ಬಂದಿಲ್ಲ ಎಂದಾಯಿತು.

ಹನ್ನೆರಡು ಹಳೆಯ ಅಚ್ಚುಗಳಲ್ಲಿ ಹನ್ನೊಂದಕ್ಕೆ ಭವಿಷ್ಯ ಮಂಜೂರಾಯಿತು. ಹನ್ನೆರಡನೆಯದು ಕಸದ ಲಾರಿಯದು. ಡಬ್ಬದ ಮೇಲೆ ಅವನಿಗೆ ಏನೋ ಭಾರಿ ಹೆಸರಿದೆ, ಕಾರ್ಖಾನೆಯಲ್ಲಿ ಎಲ್ಲರೂ ಕಸದಣ್ಣ ಎನ್ನುತ್ತಾರೆ. ಅವನ ಮೊಣಕಾಲಿನೊಳಗಿನ ಸಣ್ಣ ಹಲ್ಲು ಅಚ್ಚಿನಲ್ಲೇ ಸವೆದುಹೋಗಿತ್ತು. ಲಾರಿಯಾಗಿ ಚೆನ್ನಾಗಿಯೇ ಮಡಚಿಕೊಳ್ಳುತ್ತಿದ್ದ. ರೋಬೋಟ್ ಮಾಡಿ ನಿಲ್ಲಿಸಿದರೆ ನೆಲದ ಮೇಲೆ ಕೂತುಬಿಡುತ್ತಿದ್ದ. ಶುಕ್ರವಾರ ಆ ಅಚ್ಚನ್ನು ಕರಗಿಸಲು ಕಳಿಸುವುದೆಂದು ತೀರ್ಮಾನವಾಯಿತು.

ಮಧ್ಯಾಹ್ನ ಅಚ್ಚಿನ ತಾತ ನನ್ನ ಮೇಜಿನ ಬಳಿ ಬಂದು ನಿಂತರು. ಕಸದಣ್ಣನ ಅಚ್ಚು ಅವರು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಕೈಯಾರೆ ಕೊರೆದ ಮೊದಲ ಅಚ್ಚು. ತಿಂಗಳ ಕೊನೆಗೆ ಅವರ ನಿವೃತ್ತಿ. ಸುಮ್ಮನೆ ನನ್ನ ಪೆನ್ಸಿಲುಗಳನ್ನು ಉದ್ದದ ಪ್ರಕಾರ ಜೋಡಿಸಿದರು. ನಾನೂ ಸುಮ್ಮನಿದ್ದೆ. ನನ್ನೊಂದಿಗೆ ಮಾತಾಡುವವರಿಗೆ ಇದೊಂದು ಅನುಕೂಲ, ನಡುವೆ ಬಾಯಿ ಹಾಕುವವರಿರುವುದಿಲ್ಲ.

ಕೊನೆಗೆ ಅವರೇ ಅಂದರು, “ನಾನು ಹೋಗೋದಕ್ಕೆ ಬೇಜಾರಿಲ್ಲ ಕಣಮ್ಮ. ನನಗಿಂತ ಮೊದಲು ಅವನನ್ನ ಕಳಿಸ್ತಿದಾರಲ್ಲ, ಅದೇ ಒಂದು. ನೀನೇನಾದ್ರೂ ಬರೀತೀಯಾ?”

ಸಭೆಯಲ್ಲಿ ಬಾಯಿ ಬಿಡುವುದು ನನ್ನಿಂದಾಗದು. ಕಳೆದ ವರ್ಷ ಒಮ್ಮೆ ಪ್ರಯತ್ನಿಸಿದ್ದೆ. ಕಿಟಕಿ ಮುಚ್ಚಲೇ ಎಂದು ಕೇಳಿ ಕೂತುಬಿಟ್ಟೆ, ಎಲ್ಲರೂ ಎದ್ದು ಕಿಟಕಿ ಮುಚ್ಚಿದರು. ಹಾಗಾಗಿ ಬರೆದೆ. ಡಬ್ಬದ ಹಿಂಬದಿಯಲ್ಲಿ ಹದಿನೇಳು ಪದಕ್ಕೆ ಜಾಗ. “ಮೂರು ಸಾವಿರ ವರ್ಷ ಯುದ್ಧದ ಕಸ ಬಳಿದ ಮೇಲೆ ಕಸದಣ್ಣ ಕೂತಿದ್ದಾನೆ. ನೀವು ಜಗಳ ನಿಲ್ಲಿಸುವತನಕ ನಾನು ಏಳುವುದಿಲ್ಲ ಅಂದಿದ್ದಾನೆ. ಇನ್ನೆಂದೂ ಏಳ.” ಕಾಗದವನ್ನು ಯುಗಪುರುಷರ ಮೇಜಿನ ಮೇಲಿಟ್ಟು ಕಳ್ಳಿಯಂತೆ ಓಡಿಬಂದೆ.

ಅವರಿಗೆ ಕಣ್ಣೀರೇ ಬಂತಂತೆ. ದೋಷವಿದ್ದ ಗೊಂಬೆಗೆ ತತ್ವವಿದೆ ಎಂದು ಬುಧವಾರದ ಹೊತ್ತಿಗೆ ಇಡೀ ಕಚೇರಿ ಮಾತಾಡತೊಡಗಿತು. ಮಾರಾಟದ ಮೇಡಂ ಅದಕ್ಕೆ ‘ಧರಣಿ ಆವೃತ್ತಿ’ ಎಂದು ಹೆಸರಿಟ್ಟರು. ಅಚ್ಚು ಉಳಿಯಿತು, ನಲವತ್ತು ಸಾವಿರ ಡಬ್ಬ ಮುದ್ರಣವಾಯಿತು. ಮನೆಯಲ್ಲಿ ಅಕ್ಕನಿಗೆ ಹೇಳಿದೆ. “ಅಂತೂ ನಿನ್ನ ಹಾಗೆ ಮೂಲೇಲಿ ಕೂರೋನೊಬ್ಬನ್ನ ಹುಡುಕಿದೆ ನೋಡು” ಅಂದಳು.

ಇಷ್ಟಕ್ಕೆ ನಿಲ್ಲಿಸಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು. ಆದರೆ ಅಚ್ಚು ಉಳಿದ ಖುಷಿಗೆ ತಾತ, ಊಟದ ಬಿಡುವಿನಲ್ಲಿ ಎಂಟು ದಿನ ಕೂತು, ಆ ಸವೆದ ಹಲ್ಲನ್ನು ಮತ್ತೆ ಕೊರೆದು ಸರಿಮಾಡಿಬಿಟ್ಟರು. ಯಾರನ್ನೂ ಕೇಳಲಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡಲು ಅಪ್ಪಣೆ ಬೇಕೆಂದು ನಲವತ್ತೊಂದು ವರ್ಷದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ.

ಮೊದಲ ಕಂತಿನ ಗೊಂಬೆಗಳು ತಪಾಸಣೆಗೆ ಹೋದವು. ತಪಾಸಣೆಯ ಅಕ್ಕ ಡಬ್ಬ ಓದಿದರು, ಗೊಂಬೆ ಬಿಚ್ಚಿದರು. ಟಕ್, ಟಕ್, ಟಕ್. ಕಸದಣ್ಣ ಎದ್ದು ಎದೆಯುಬ್ಬಿಸಿ ನಿಂತ. ಒಬ್ಬನಲ್ಲ, ಮುನ್ನೂರು ಜನ ಸಾಲಾಗಿ ನಿಂತರು. ಅಕ್ಕ ನಿಯಮ ಮೀರುವವರಲ್ಲ. ಪ್ರತಿಯೊಂದಕ್ಕೂ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸಿದರು. ಚೀಟಿಯಲ್ಲಿ ಬರೆದಿತ್ತು: ‘ದೋಷ: ನಿಲ್ಲುತ್ತದೆ.’

ತುರ್ತು ಸಭೆ. ತಾತನನ್ನೂ ಕರೆಸಿದ್ದರು, ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಡಬ್ಬ ಬದಲಿಸಲಾಗದು, ಗೊಂಬೆಯನ್ನು ಬದಲಿಸುವುದು ಸುಲಭ ಎಂದು ಮೇಡಂ ಅಂದರು. ಮೊಣಕಾಲಿಗೆ ಒಂದು ಹನಿ ಅಂಟು ಹಾಕಿದರೆ ಮುಗಿಯಿತು, ಮತ್ತೆ ಏಳುವುದಿಲ್ಲ. ಎಲ್ಲರೂ ತಲೆಯಾಡಿಸಿದರು. ಯುಗಪುರುಷರು ತಾತನ ಕಡೆ ತಿರುಗಿ, ಅಂಟು ಹಾಕುವುದನ್ನು ನೀವೇ ಜೋಡಣೆಯ ಹುಡುಗಿಯರಿಗೆ ತೋರಿಸಿಕೊಡಿ ಎಂದು ಬಹಳ ಮರ್ಯಾದೆಯಿಂದ ಕೇಳಿಕೊಂಡರು.

ತಾತ ಕೈಯಲ್ಲಿದ್ದ ಕಸದಣ್ಣನನ್ನು ಮೆಲ್ಲಗೆ ಮಡಚಿ ಲಾರಿ ಮಾಡಿದರು.

ನಾನು ಎದ್ದು ನಿಂತೆ. ಕಿಟಕಿ ಆಗಲೇ ಮುಚ್ಚಿತ್ತು, ಆ ದಾರಿಯೂ ಇರಲಿಲ್ಲ.

“ಸರ್,” ಅಂದೆ. ಎಲ್ಲರೂ ತಿರುಗಿ ನೋಡಿದರು. “ಜಗಳ ನಿಲ್ಲೋ ತನಕ ಏಳಲ್ಲ ಅಂತ ಬರ್ದಿದೀನಿ. ಎದ್ದಿದಾನೆ ಅಂದ್ರೆ ಜಗಳ ನಿಂತಿದೆ. ಅದು ಇನ್ನೊಂದು ಯುಗ. ಇದೇ ಡಬ್ಬದಲ್ಲಿ ‘ಇನ್ನೆಂದೂ ಏಳ’ ಅನ್ನೋದ್ರ ಮೇಲೆ ಒಂದು ಚೀಟಿ ಅಂಟಿಸಿದ್ರೆ ಸಾಕು.”

ನನ್ನ ಕೆಲಸ ಹೋಯಿತು ಎಂದುಕೊಂಡೆ. ಆದರೆ ಯುಗಪುರುಷರ ಮುಖದಲ್ಲಿ ಬೆಳಕು ಮೂಡುತ್ತಿತ್ತು. ಇನ್ನೊಂದು ಯುಗ ಎಂಬ ಮಾತು ಕಿವಿಗೆ ಬಿದ್ದರೆ ಅವರ ಆಯುಷ್ಯವೇ ಹೆಚ್ಚುತ್ತದೆ. ಶಾಂತಿಯನ್ನು ಹೀಗೆ ಮಾರಬಹುದೆಂದು ಯಾರೂ ಯೋಚಿಸಿರಲಿಲ್ಲವಲ್ಲ ಎಂದು ಮೇಡಂ ಮರುಗಿದರು. ಹೀಗೆ, ಮೂರು ಸಾವಿರ ವರ್ಷ ಕಾದು ಬಂದ ಭವಿಷ್ಯ ಹದಿನಾರನೆಯ ದಿನಕ್ಕೆ ಮುಗಿದು, ಅದಕ್ಕೂ ಮುಂದಿನದು ಶುರುವಾಯಿತು. ಮುಂದಿನ ವರ್ಷ ಜಗಳ ಮತ್ತೆ ಶುರುವಾಗಬೇಕು, ಅದಕ್ಕೊಂದು ಕಾರಣ ಹುಡುಕಿಡು ಎಂದು ಯುಗಪುರುಷರು ಅಲ್ಲೇ ನನಗೆ ಕೆಲಸವನ್ನೂ ಹಚ್ಚಿದರು.

ಹೊರಗೆ ಬಂದ ಮೇಲೆ ತಾತನನ್ನು ಕೇಳಿದೆ. ಅಚ್ಚು ಉಳಿದಿತ್ತಲ್ಲ, ಕೂತಿದ್ದವನನ್ನು ಎಬ್ಬಿಸುವ ಉಸಾಬರಿ ಯಾಕೆ ಬೇಕಿತ್ತು?

“ನೀನು ಚೆನ್ನಾಗೇ ಬರ್ದಿದ್ದೆ,” ಅಂದರು ತಾತ. “ಆದ್ರೆ ಪಾಪ, ಅವನು ಹಟಕ್ಕೆ ಕೂತಿರ್ಲಿಲ್ಲಮ್ಮ. ಏಳಕ್ಕಾಗದೆ ಕೂತಿದ್ದ. ಅದು ನನಗೊಬ್ಬನಿಗೇ ಗೊತ್ತಿತ್ತು.”

ಡಬ್ಬದ ಚೀಟಿಗೆ ಇದನ್ನೇ ಬರೆದುಕೊಟ್ಟೆ. ಯುಗಪುರುಷರು ಓದಿ, ಮೊಣಕಾಲಿನ ವಿಷಯ ಮಕ್ಕಳಿಗೆ ರುಚಿಸುವುದಿಲ್ಲವೆಂದು ಹೊಡೆದುಹಾಕಿ, ‘ಬ್ರಹ್ಮಾಂಡದ ಕರೆಗೆ ಓಗೊಟ್ಟು ಎದ್ದ’ ಎಂದು ತಿದ್ದಿದರು. ನಲವತ್ತು ಸಾವಿರ ಡಬ್ಬಗಳ ಮೇಲೆ ಈಗ ಬ್ರಹ್ಮಾಂಡ ಕರೆಯುತ್ತಿದೆ.

ತಿಂಗಳ ಕೊನೆಗೆ ತಾತ ಹೋದರು. ಕೆಂಪು ಚೀಟಿಯ ಒಬ್ಬ ಕಸದಣ್ಣ ನನ್ನ ಮೇಜಿನ ಮೇಲಿದ್ದಾನೆ, ಪೆನ್ಸಿಲುಗಳ ಪಕ್ಕ, ನಿಂತುಕೊಂಡು. ಚೀಟಿಯನ್ನು ಕಿತ್ತಿಲ್ಲ.